ಕಂಬಳಿ ಕೊಪ್ಪೆ

ಬೆರಳುಗಳು ಬಿಚ್ಚಲಿಲ್ಲ. ಸ್ನೇಹಲತಾ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೇರ ಮಾಡಿದಳು. ರಾತ್ರಿಯೆಲ್ಲ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದದ್ದರಿಂದ ಅವು ಮಡಚಿದ ಹಾಗೆಯೇ ನಿಂತಿದ್ದವು. ಕಂಬಳಿ ಇಬ್ಬನಿ ಕುಡಿದು ಭಾರವಾಗಿತ್ತು. ಹಿಂಡಿದಳು, ನೀರು ಬಂತು.

ಬಲೆಯ ಬೇಲಿಯೊಳಗೆ ಅರವತ್ತು ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಅವುಗಳ ಮೈಯಿಂದ ಹಬೆ ಏಳುತ್ತಿತ್ತು. ಕಡಲೆಕಾಯಿ ಕಿತ್ತ ಹೊಲ ಮಂಜಿನಲ್ಲಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ತಾವರೆಕೆರೆ ಕಡೆಯಿಂದ ಬರುವ ಮೊದಲ ಬಸ್ಸಿನ ದೀಪ ರಸ್ತೆಯಲ್ಲಿ ಹಳದಿಯಾಗಿ ಕಂಡು ಮರೆಯಾಯಿತು.

"ಎದ್ಯೇನವ್ವ?" ಮಾವ ಮುದ್ದಪ್ಪ ಮೂರು ಕಲ್ಲಿನ ಒಲೆಯ ಮುಂದೆ ಕೂತು ಟೀ ಕಾಸುತ್ತಿದ್ದ.

"ಮಲಗಿದ್ರೆ ತಾನೆ ಮಾವ, ಏಳಾಕೆ."

ಮುದುಕ ನಕ್ಕ. ನಗು ಕೆಮ್ಮಾಯಿತು. "ಒಂದಾಯ್ತು. ಇನ್ನು ನಾಕು."

ಐದು ರಾತ್ರಿ ಎಂದು ಮಾತಾಗಿತ್ತು. ಈ ಹೊಲ ನಾಗಲಿಂಗಯ್ಯನವರದು. ಕುರಿಹಿಕ್ಕೆಯ ಗೊಬ್ಬರಕ್ಕೆಂದು ಮಂದೆ ಕರೆಸಿದ್ದರು. ದಿನಕ್ಕೊಂದು ಪಟ್ಟೆಯಂತೆ ಬಲೆಯನ್ನು ಮುಂದಕ್ಕೆ ಸರಿಸುತ್ತ ಹೋದರೆ ಐದು ರಾತ್ರಿಗೆ ಹೊಲವೆಲ್ಲ ಮುಗಿಯುತ್ತಿತ್ತು.

ಗಂಡ ಹನುಮಂತರಾಜು ಸತ್ತು ಎಂಟು ತಿಂಗಳಾಗಿತ್ತು. ಶಿರಾ ಹತ್ತಿರ ಹೈವೇಯಲ್ಲಿ ಕುರಿಗಳನ್ನೆಲ್ಲ ದಾಟಿಸಿದ್ದ, ಅವನು ದಾಟಲಿಲ್ಲ. ಅಲ್ಲಿಂದೀಚೆಗೆ ಮುದ್ದಪ್ಪ ಒಬ್ಬನೇ ಮಂದೆಯ ಹಿಂದೆ ಮಂಡಿ ಹಿಡಿದುಕೊಂಡು ತಿರುಗಿದ. ಹಿರಿಯ ಮಗ ರೇಣುಕಯ್ಯ ಶಿರಾದಲ್ಲಿ ಟಯರ್ ಅಂಗಡಿ ಇಟ್ಟಿದ್ದ. ಅವನು ಹಟ್ಟಿಯ ಹಿರಿಯರನ್ನು ಕೂರಿಸಿಕೊಂಡು, ಮಂದೇಲಿ ಮಲಗೋ ಗಂಡಸಿಲ್ಲ ಅಂದ್ಮೇಲೆ ಮಂದೆ ಯಾಕೆ, ಸಂತೆಗೆ ಹೊಡೆದುಬಿಡೋಣ ಎಂದ. ಸ್ನೇಹಲತಾ ಎಂ.ಎ. ಓದಿದ್ದಾಳೆ, ಹೊಳವನಹಳ್ಳಿಯ ತವರಿಗೆ ಹೋಗಲಿ, ಎಲ್ಲಾದರೂ ಒಂದು ಕೆಲಸ ನೋಡೋಣ ಎಂದೂ ಹೇಳಿದ. ಎಲ್ಲರಿಗೂ ಅದು ಸರಿ ಕಂಡಿತು. ಮಜ್ಜಿಗೆ ಕೊಡಲು ಬಂದ ಸ್ನೇಹಲತಾ ತಟ್ಟೆ ಕೆಳಗಿಟ್ಟು, "ನಾನು ಮಲಗ್ತೀನಿ" ಎಂದಳು.

ಯಾರೋ ನಕ್ಕರು. ಹಿರಿಯನೊಬ್ಬ, ಮಲಗ್ಲಿ ಬುಡ್ರಲಾ, ನಾಗಲಿಂಗಯ್ಯನೋರ ಹೊಲ ಮುಗಿಯೋಗಂಟ ಮಲಗಿದ್ರೆ ಮಂದೆ ಅವಳ್ದು, ನಡುವೆ ಎದ್ದು ಮನೆಗೆ ಬಂದ್ರೆ ರೇಣುಕಯ್ಯ, ನಿನ್ನ ಪಿಕಪ್‌ಗೆ ಕುರಿ ತುಂಬ್ಕಂಡು ಹೋಗು ಎಂದು ತೀರ್ಮಾನ ಹೇಳಿದ. ಸಂಕ್ರಾಂತಿಗೆ ಮುಂಚಿನ ಚಳಿ. ಒಂದು ರಾತ್ರಿಗೇ ಎದ್ದು ಬರುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು.

ಎಂಟು ತಿಂಗಳಿಂದ ಅವಳಿಗೆ ಏನೂ ಬೇಕು ಎನಿಸಿರಲಿಲ್ಲ. ಊಟ, ನಿದ್ದೆ, ಮಾತು, ಯಾವುದೂ. ಕುರಿ ಮಾರುತ್ತಾರೆ ಎಂದಾಗ ಮಾತ್ರ ಬೇಡ ಎನಿಸಿತು. ಆ ಒಂದು ಬೇಡವನ್ನು ಬಿಡಲು ಅವಳು ಸಿದ್ಧಳಿರಲಿಲ್ಲ.

ಬಿಸಿಲು ಬರುವ ಹೊತ್ತಿಗೆ ಅತ್ತೆ ಕೆಂಪಕ್ಕ ಬುತ್ತಿ ಹೊತ್ತು ಬಂದಳು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬುತ್ತಿ ಇಳಿಸುವ ಮೊದಲೇ ಅವಳ ಕಣ್ಣು ಜಾಲಿಗಿಡದ ಮೇಲೆ ಹರವಿದ್ದ ಕಂಬಳಿಗೆ ಬಿತ್ತು.

"ಇದೇನಮ್ಮ, ಕಂಬ್ಳಿನೋ ಒದ್ದೆ ಗೋಣೀಚೀಲನೋ?"

ಸ್ನೇಹಲತಾ ಕಂಬಳಿಯ ಇನ್ನೊಂದು ಮಗ್ಗುಲನ್ನು ಬಿಸಿಲಿಗೆ ಮಗುಚಿ ಹಾಕಿದಳು.

"ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ಒಗೆದ್ಬುಟ್ಯಲ್ಲ, ಇನ್ನೇನಾಯ್ತದೆ? ಗಂಜಿಯೆಲ್ಲ ಹೊಂಟೋಯ್ತು. ಹುಣಸೆಬೀಜದ ಗಂಜಿ ಕುಡೀದಿರೋ ಕಂಬ್ಳಿ ಕಂಬ್ಳಿನಾ? ಜರಡಿ ಕಣಮ್ಮ ಅದು, ಜರಡಿ. ನನ್ ಮಗ ಜಡಿಮಳೇಲಿ ನಿಂತ್ರೂ ಒಂದ್ ತೊಟ್ಟು ಒಳಕ್ಕೆ ಬರ್ತಿರ್ಲಿಲ್ಲ."

ಗಂಡ ಸತ್ತ ಹನ್ನೊಂದನೆಯ ದಿನ ಮನೆಯಲ್ಲಿದ್ದದ್ದನ್ನೆಲ್ಲ ಒಗೆಯಲು ಹಾಕಿದ್ದರು. ಅವಳ ಕೈಗೆ ಅವನ ಕಂಬಳಿಯೂ ಬಂತು. ಕೈ ತನ್ನ ಪಾಡಿಗೆ ಒಗೆಯಿತು. ಒಣಗಿದ ಮೇಲೆ ಮುಖಕ್ಕೆ ಒತ್ತಿಕೊಂಡು ನೋಡಿದರೆ ಬರೀ ಸೋಪಿನ ವಾಸನೆ. ಆವತ್ತಿನಿಂದ ಅತ್ತೆ ಅವಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಅದರಲ್ಲಿ ಅತ್ತೆಯ ತಪ್ಪೇನೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು.

"ಗಂಜಿ ಹೆಂಗೆ ಮಾಡೋದು ಅತ್ತೆ?"

"ಕಾಲೇಜ್ನಾಗೆ ಹೇಳ್ಕೊಡ್ಲಿಲ್ವಾ?"

"ಇಲ್ಲ. ನೀವು ಹೇಳ್ಕೊಡಿ."

"ನಾನ್ಯಾಕೆ ಹೇಳ್ಕೊಡ್ಲಿ?" ಕೆಂಪಕ್ಕ ಸೆರಗು ಕೊಡವಿದಳು. "ಬೀಜ ಹುರೀಬೇಕು, ಸಿಪ್ಪೆ ತೆಗೀಬೇಕು, ನುಣ್ಣಗೆ ಬೀಸ್ಬೇಕು. ನಿನ್ ಕೈಲಿ ಆಯ್ತದಾ ಅದೆಲ್ಲ? ನೀರಿಗಾಕಿ ತಿರುವ್ತಾನೇ ಇರ್ಬೇಕು, ಕೈ ಬುಟ್ರೆ ಗಂಟು. ಗಂಟು ಕಟ್ಟಿದ್ರೆ ನಾಯೀನೂ ಮೂಸಲ್ಲ. ಎರಡೂ ಮಗ್ಗುಲು ಬಳೀಬೇಕು, ಒಂದ್ ಮಗ್ಗುಲು ಬಳಿದು ಇನ್ನೊಂದು ಬುಡೋದಲ್ಲ, ಸೋಮಾರಿಗಳಂಗೆ."

ಇಷ್ಟು ಬೈದು ಹಿಂದಿನ ದಿನದ ಖಾಲಿ ಡಬ್ಬಿ ಎತ್ತಿಕೊಂಡು ಹೋದಳು.

ನಾಗಲಿಂಗಯ್ಯನವರ ಹಿತ್ತಿಲಲ್ಲಿ ಹೋದ ವರ್ಷದ ಹುಣಸೆಬೀಜದ ರಾಶಿ ಇತ್ತು. ಅಲ್ಲಿ ಕೆಲಸಕ್ಕಿದ್ದ ದಾಸಮ್ಮ ಮೊರದ ತುಂಬ ತುಂಬಿಕೊಟ್ಟು, "ಓದಿರೋ ಸೊಸೆ ಹುಣಸೆಬೀಜ ಬೀಸೋದನ್ನ ನೋಡೋ ಭಾಗ್ಯ ನನ್ಗೂ ಬಂತಲ್ಲ" ಎಂದು ಬೀಸುಕಲ್ಲಿನ ಪಕ್ಕ ಕಾಲು ಚಾಚಿ ಕೂತಳು. ಕೂತವಳು ಸುಮ್ಮನಿರಲಾಗದೆ ಆಮೇಲೆ ತಾನೂ ಒಂದು ಕೈ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹೊಲದ ಒಲೆಯ ಮೇಲೆ ಗಂಜಿ ಕುದಿಯಿತು. ಮೊದಲ ಸಲದ್ದು ಗಂಟು ಕಟ್ಟಿತು. ಚೆಲ್ಲಿ ಮತ್ತೆ ಮಾಡಿದಳು. ಬಂಡೆಯ ಮೇಲೆ ಕಂಬಳಿ ಹರವಿ ತೆಂಗಿನ ನಾರಿನ ಗಂಟಿನಿಂದ ಬಳಿಯುತ್ತಿದ್ದಾಗ ಮೊಣಕೈವರೆಗೂ ಅಂಟು ಮೆತ್ತಿಕೊಂಡಿತು. ರೇಣುಕಯ್ಯನ ಬೈಕು ಬಂದದ್ದು ಆಗ.

"ಏನಮ್ಮ ಇದು ಅವತಾರ?" ಅವನು ಬೈಕಿನ ಹಿಂದಿನಿಂದ ಪ್ಲಾಸ್ಟಿಕ್ ಕವರಿನ ದೊಡ್ಡ ಗಂಟೊಂದನ್ನು ಬಿಚ್ಚಿದ. ಕೆಂಪು ಹೂವಿನ ದಪ್ಪ ರಗ್ಗು. "ತಗಾ. ಶಿರಾದಾಗೆ ನಮ್ ಅಂಗ್ಡಿ ಎದುರಿನ ಸಾಬರ ಹತ್ರ ತಂದೆ. ಒಳ್ಳೆ ಮಾಲು."

"ಬೇಡ ಬಾವ."

"ಹಟ ಮಾಡ್ಬ್ಯಾಡ ಕಣಮ್ಮ. ಮಧುಗಿರಿ ಬೆಟ್ಟದ ಕೆಳಗೆ ನನ್ ಫ್ರೆಂಡು ಅನಿಲ್ ಕುಮಾರ್ ಟೆಂಟ್ ಹಾಕ್ಕೊಡ್ತಾನೆ. ಬೆಂಗ್ಳೂರೋರು ಕಾರಲ್ಲಿ ಬಂದು, ದುಡ್ ಕೊಟ್ಟು, ಚಳೀಲಿ ನಡುಗ್ಕಂಡು ಮಲಗಿ, ಫೋಟೋ ಹಿಡ್ಕಂಡು ಹೋಯ್ತಾರೆ. ನೀನು ಪುಕ್ಸಟ್ಟೆ ನಡುಗ್ತಿದೀಯ, ಅಷ್ಟೆಯ."

"ಅವರು ಬೆಳಿಗ್ಗೆ ಎದ್ದು ಮನೆಗೆ ಹೋಗ್ತಾರೆ ಬಾವ. ಇದು ನನ್ನ ಕೆಲಸ."

ರೇಣುಕಯ್ಯ ಬಂಡೆಯ ಅಂಚಿಗೆ ಕೂತ. ಅವನ ದನಿ ಇಳಿಯಿತು. "ರಾಜು ಹೋದ. ನಿನ್ಗೂ ನ್ಯುಮೋನಿಯಾ ಗಿಮೋನಿಯಾ ಆಗಿ ಏನಾರ ಆದ್ರೆ ನಿಮ್ಮಪ್ಪನಿಗೆ ಏನಂತ ಹೇಳ್ಲಿ? ಅಪ್ಪಯ್ಯನ ಮಂಡಿ ನೋಡು. ಇನ್ನೆಷ್ಟು ದಿನ? ನಾನೇನು ಕುರಿ ತಿನ್ಕಳಾಕೆ ಕಾಯ್ತಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೆ ಕಷ್ಟವಾಯಿತು. ಕೆಟ್ಟವನಾಗಿದ್ದರೆ ಎದುರು ನಿಲ್ಲುವುದು ಸುಲಭವಿತ್ತು. ಅವಳು ಕಂಬಳಿಯನ್ನು ಮಗುಚಿ ಇನ್ನೊಂದು ಮಗ್ಗುಲು ಬಳಿಯತೊಡಗಿದಳು. ಅಂಚಿನವರೆಗೂ ಬಳಿದು ಮುಗಿಸಿ, "ಆಯ್ತು. ರಗ್ಗು ಇಟ್ಟು ಹೋಗಿ" ಎಂದಳು.

"ಅಂಗೆ ದಾರಿಗೆ ಬಾ," ಎಂದು ಅವನು ಅರ್ಧ ಗೆದ್ದವನಂತೆ ಬೈಕು ಹತ್ತಿದ.

ಬೈಕಿನ ಸದ್ದು ಮರೆಯಾದ ಮೇಲೆ ಅವಳು ಕೈ ತೊಳೆದು ಕವರು ಹರಿದು ರಗ್ಗು ತೆಗೆದಳು. ಬಿದಿರಿನ ಮರಿಗೂಡಿನೊಳಗೆ ಈಚೆಗೆ ಹುಟ್ಟಿದ ಏಳು ಮರಿಗಳಿದ್ದವು. ರಗ್ಗನ್ನು ಗೂಡಿನ ಮೇಲೆ ಎರಡು ಪದರ ಮಾಡಿ ಹೊದಿಸಿ, ಗಾಳಿ ಬರುವ ಕಡೆಗೆ ಅಂಚನ್ನು ಕಲ್ಲಿಟ್ಟು ಮುಚ್ಚಿದಳು.

ಮುದ್ದಪ್ಪ ನೋಡುತ್ತಿದ್ದ. "ಅಂಗ್ಡಿ ರಗ್ಗು ಹೊದ್ಕಂಡು ಮಲಗಿದ ಮರಿ ನಮ್ ವಂಶದಾಗೆ ಇವೇ ಮೊದ್ಲು ಕಣವ್ವ."

ಸಂಜೆ ಬಲೆ ಸರಿಸಿ ಗೂಟ ಹೊಡೆದು ಮುಗಿಸಿದಾಗ ಕಂಬಳಿ ಅರೆಬರೆ ಒಣಗಿತ್ತು. ಮುದ್ದಪ್ಪ ಬಂದು ಬೆರಳಿನಿಂದ ಒತ್ತಿ ನೋಡಿದ.

"ಕೊಪ್ಪೆ ಮಡಿಸಾಕೆ ಇದೇ ಹೊತ್ತು. ಪೂರ್ತಿ ಒಣಗಿದ್ಮೇಲೆ ಮಡಿಸಿದ್ರೆ ಮುರೀತದೆ. ಈಗ ಮಡಿಸಿ ಕಲ್ಲಿಟ್ರೆ ಹಂಗೇ ಕೂರ್ತದೆ, ಹೊದ್ದೋರ ತಲೆ ಮ್ಯಾಲೆ ಗುಡಿಸ್ಲಂಗೆ." ಆಮೇಲೆ ಅವಳ ಕಡೆ ನೋಡದೆ ಹೇಳಿದ: "ಯಾರು ಹಾಕ್ಕೋತಾರೋ ಅವರ ತಲೆ ಅಳತೆಗೆ ಮಡಿಸ್ಬೇಕು."

ರಾಜುವಿನ ಮಡಿಕೆ ಎಲ್ಲಿತ್ತು ಎಂದು ಅವಳಿಗೆ ಗೊತ್ತಿತ್ತು. ಆರು ವರ್ಷ ಒಂದೇ ಕಡೆ ಮಡಿಸಿ ಅಲ್ಲಿ ಉಣ್ಣೆ ಸವೆದು ಗೆರೆಯಂತಾಗಿತ್ತು. ಸೋಪಿಗೂ ಅದು ಹೋಗಿರಲಿಲ್ಲ. ಅವಳು ಗೆರೆಯ ಮೇಲೆ ಬೆರಳಾಡಿಸಿದಳು. ಅದೇ ಜಾಗದಲ್ಲಿ ಮಡಿಸಿ ತಲೆಯ ಮೇಲೆ ಇಟ್ಟುಕೊಂಡು ನೋಡಿದಳು. ಕಣ್ಣು ಮುಚ್ಚಿ ಮೂಗಿನವರೆಗೆ ಇಳಿಯಿತು. ಕಂಬಳಿಯೊಳಗೆ ಕತ್ತಲೆ, ಹುರಿದ ಬೀಜದ ವಾಸನೆ.

ಮುದ್ದಪ್ಪ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದ.

ಅವಳು ಕಂಬಳಿಯನ್ನು ಕೆಳಗಿಳಿಸಿ, ಹಳೆಯ ಗೆರೆಯಿಂದ ನಾಲ್ಕು ಬೆರಳು ಹಿಂದಕ್ಕೆ ಎಳೆದು ಹೊಸದಾಗಿ ಮಡಿಸಿದಳು. ಉದ್ದಕ್ಕೂ ಕಲ್ಲು ಹೇರಿದಳು.

"ಇವತ್ತು ಕಂಬ್ಳಿ ಇಲ್ಲ. ಹೆಂಗೆ ಮಲಗ್ತೀಯ?"

"ನೀವು ಹೆಂಗೆ ಬೆಚ್ಚಗಿರ್ತೀರ ಮಾವ? ನಿನ್ನೆ ಗೊರಕೆ ಹೊಡೀತಿದ್ರಿ."

"ನಿನ್ನೆ ನೀನು ಕೇಳ್ಲಿಲ್ಲ," ಎಂದು ಮುದುಕ ಎದ್ದ. ಮಲಗುವ ಜಾಗದ ಉದ್ದಕ್ಕೂ ತೊಗರಿಕಡ್ಡಿ ಹರಡಿ ಅವಳ ಕೈಯಿಂದಲೇ ಬೆಂಕಿ ಹಾಕಿಸಿದ. ಉರಿದು ಮುಗಿದ ಮೇಲೆ ಕೆಂಡವನ್ನೆಲ್ಲ ಗುಡಿಸಿ ತೆಗೆಸಿ, ಮೇಲೆ ಒಂದು ಗೇಣು ಮಣ್ಣು ಎಳೆಸಿ, ಗೋಣೀಚೀಲ ಹಾಸಿಸಿದ. ಅವಳು ಅಂಗೈ ಇಟ್ಟು ನೋಡಿದಳು. ಹೊಲ ರೊಟ್ಟಿಯ ಹೆಂಚಿನಂತೆ ಒಳಗಿಂದ ಕಾಯುತ್ತಿತ್ತು. ಬೆನ್ನಿಗೆ ಬಲೆ, ಬಲೆಯ ಆಚೆಗೆ ಎರಡು ದೊಡ್ಡ ಕುರಿಗಳ ಮೈ. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದಳು.

ನಾಲ್ಕನೆಯ ದಿನ ಬುತ್ತಿ ತಂದ ಕೆಂಪಕ್ಕ ಕಂಬಳಿಯ ಅಂಚನ್ನು ಚಿವುಟಿ, ಬಗ್ಗಿಸಿ, ಮೂಸಿ ನೋಡಿದಳು. "ಗಂಜಿ ಜಾಸ್ತಿಯಾಯ್ತು" ಎಂದಳು. ಆವತ್ತು ಬುತ್ತಿಯಲ್ಲಿ ಅವರೆಕಾಳಿನ ಸಾರಿತ್ತು.

ಐದನೆಯ ರಾತ್ರಿ ಕಳೆದು ಬೆಳಕು ಹರಿಯುವಾಗ ಮಂಜು ಎಲ್ಲಕ್ಕಿಂತ ದಟ್ಟವಾಗಿತ್ತು. ಅದರೊಳಗಿಂದ ಪಿಕಪ್ ಬಂದು ನಿಂತಿತು. ರೇಣುಕಯ್ಯ ಮಫ್ಲರು ಸುತ್ತಿಕೊಂಡು ಇಳಿದ. ಅವಳು ಬಲೆ ಸುತ್ತುತ್ತಿದ್ದಳು.

"ಆಯ್ತಲ್ಲಮ್ಮ, ಗೆದ್ದೆ. ಸಾಕಿನ್ನು. ಹತ್ತು, ಮನೆಗೆ ಹೋಗಾಣ. ಮುಂದಿಂದು ಕೂತು ಮಾತಾಡಾಣ."

"ಮಾತು ಹಟ್ಟೀಲೇ ಆಯ್ತಲ್ಲ ಬಾವ. ಪಿಕಪ್ ತಂದಿದ್ದು ಒಳ್ಳೇದಾಯ್ತು. ಬಲೆ, ಗೂಟ, ಮರಿಗೂಡು ಹಾಕ್ಕಳಿ. ಕೆರೆಯಾಚೆ ನಾಗಲಿಂಗಯ್ಯನೋರ ತಮ್ಮನ ಹೊಲ. ಏಳು ರಾತ್ರಿ."

"ಯಾರು ಮಾತಾಡಿದ್ದು?"

"ನಾನು."

ರೇಣುಕಯ್ಯ ಅಪ್ಪನ ಕಡೆ ನೋಡಿದ. ಮುದ್ದಪ್ಪ ಟೀ ಲೋಟ ಊದುತ್ತ, "ನನ್ನೇನ್ಲಾ ನೋಡ್ತೀಯ? ಮಂದೆ ಅವಳ್ದು. ಅವಳ್ನೇ ಕೇಳು" ಎಂದ.

ರೇಣುಕಯ್ಯ ಮಫ್ಲರು ಬಿಗಿದುಕೊಂಡು ಮರಿಗೂಡಿನ ಒಂದು ಕಡೆ ಹಿಡಿದು ಎತ್ತಿದ. ಎತ್ತಿದವನು ಹಾಗೇ ನಿಂತ.

"ಲೇ, ಇದು ನನ್ ರಗ್ಗಲ್ವಾ?"

"ಮರಿಗಳು ಬೆಚ್ಚಗಿದ್ವು ಬಾವ," ಎಂದು ಅವಳು ಗೂಡಿನ ಇನ್ನೊಂದು ಕಡೆ ಹಿಡಿದಳು.

ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಅವಳು ಕಂಬಳಿಯನ್ನು ತೆಗೆದು ಹೊಲದಲ್ಲಿ ನಿಲ್ಲಿಸಿದ್ದಳು. ಅದು ಬೀಳಲಿಲ್ಲ. ಒಳಗೆ ಯಾರೂ ಇಲ್ಲದೆಯೂ ಅವಳ ತಲೆಯ ಆಕಾರ ಹಿಡಿದುಕೊಂಡು ನೆಟ್ಟಗೆ ಕೂತಿತ್ತು. ಅದರ ಮೇಲೆ ಇಬ್ಬನಿ ಹನಿಹನಿಯಾಗಿ ನಿಂತಿತ್ತು, ಒಂದೂ ಒಳಗೆ ಇಳಿದಿರಲಿಲ್ಲ. ಮುದ್ದಪ್ಪ ಹೊಯ್ ಎಂದು ಕೂಗಿದ. ಕುರಿಗಳು ಎದ್ದು ಮೈಕೊಡವಿ ಹೊರಟವು. ಕಂಬಳಿಯ ಹತ್ತಿರ ಬಂದಾಗ ಎರಡಾಗಿ ಒಡೆದು, ಅದನ್ನು ತಾಕದಂತೆ ಆಚೆಗೂ ಈಚೆಗೂ ಹಾದು, ಮುಂದೆ ಮತ್ತೆ ಒಂದಾದವು.