ಅಂಚೆಯಜ್ಜಿಯ ನಡಿಗೆ

ಎಂಬತ್ತು ಕ್ರೋನರ್ ಇದ್ದ ನಮ್ಮ ಆಟದ ಬೆಲೆಯನ್ನು ಇನ್ನೂರಕ್ಕೆ ಏರಿಸಿದವನು ನಾನೇ. ಆಗಲೂ ನನಗೆ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ. ಶೋವ್ಡೆ ಎಂಬ ಊರಿನಲ್ಲಿ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ, ನಾನೂ ತೂವಾಳೂ ಐದು ವರ್ಷ ಕೂತು ಮಾಡಿದ ಕಂಪ್ಯೂಟರ್ ಆಟ ಅದು. ಚಿತ್ರಗಳೆಲ್ಲ ಅವಳವು, ಕೋಡ್ ನನ್ನದು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ದ್ವೀಪದಿಂದ ದ್ವೀಪಕ್ಕೆ ನಡೆದು ಕಾಗದ ಹಂಚುವ ಅಂಚೆಯಜ್ಜಿಯೊಬ್ಬಳ ಕೊನೆಯ ದಿನದ ಕೆಲಸ, ಕಥೆ ಅಷ್ಟೇ. ಮೊದಲು ನಾಲ್ಕು ಗಂಟೆಯಷ್ಟಿತ್ತು. ಬೇಸರ ತರಿಸುವ ಒಂದು ನಿಮಿಷವೂ ಇರಬಾರದೆಂದು ತೂವಾ ಹಟ ಹಿಡಿದು ಕತ್ತರಿಸಿ ಕತ್ತರಿಸಿ ಒಂದೂವರೆ ಗಂಟೆಗೆ ತಂದಳು.

ಎಂಬತ್ತರಲ್ಲಿ ಇಬ್ಬರ ಹೊಟ್ಟೆ ತುಂಬುತ್ತಿರಲಿಲ್ಲ. ಜೂಜಿನ ಆಟ ಮಾಡುವ ಕಂಪನಿಯೊಂದು ತೂವಾಳನ್ನು ಕೆಲಸಕ್ಕೆ ಕರೆದಿತ್ತು, ಮಾರ್ಚ್ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಅಲ್ಲಿಗೆ ಹೋದರೆ ದಿನವಿಡೀ ಚೆರ್ರಿಹಣ್ಣು, ಚಿನ್ನದ ನಾಣ್ಯ ಬರೆಯುತ್ತ ಕೂರಬೇಕು. ಅವಳಿಲ್ಲದೆ ನಾನೊಬ್ಬ ಯಾವ ಆಟವನ್ನೂ ಮಾಡಲಾರೆ.

"ಕೆಳಗಡೆ ಒಂದು ಸೆಮ್ಲಾ ಬನ್ನಿಗೆ ಐವತ್ತು ಕೊಡ್ತೀಯ, ನಾಲ್ಕು ತುತ್ತಿಗೆ ಖಾಲಿ," ಎಂದೆ. "ಐದು ವರ್ಷದ ಕೆಲಸಕ್ಕೆ ಇನ್ನೂರು ಕೇಳೋಕೆ ನಿಂಗೇನು ಕಷ್ಟ?"

"ಸೆಮ್ಲಾ ಒಳಗೆ ಕೆನೆ ಇರುತ್ತೆ ಕಣೋ. ನಮ್ಮದ್ರಲ್ಲಿ ಬರೀ ಹಿಮ."

"ತಮಾಷೆ ಸಾಕು. ಜಾಸ್ತಿ ಕೊಟ್ಟು ತಗೊಂಡೋರು ಜಾಸ್ತಿ ಪ್ರೀತಿಯಿಂದ ಆಡ್ತಾರೆ."

"ಇವರೇನು ಮಹಾ ಅಂತ ಜನ ನಗ್ತಾರೆ, ಎಸ್ಕಿಲ್," ಎಂದು ಅವಳು ನಾಚಿ ಕೆಂಪಾದಳು. ಆದರೂ ಒಪ್ಪಿದಳು.

ಯಾರೂ ನಗಲಿಲ್ಲ. ಕೊಂಡರು, ಆಡಿದರು, ಹಿಂದಿರುಗಿಸಿದರು. ಆಟ ಮಾರುವ ಜಾಲತಾಣದ ನಿಯಮವೇ ಹಾಗೆ: ಎರಡು ಗಂಟೆಯೊಳಗೆ ಆಡಿ ಬಿಟ್ಟರೆ ಪ್ರಶ್ನೆಯಿಲ್ಲದೆ ಹಣ ವಾಪಸ್. ನಮಗದು ಗೊತ್ತಿತ್ತು. ಎಂಬತ್ತಕ್ಕೋಸ್ಕರ ಯಾರೂ ಆ ತೊಂದರೆ ತೆಗೆದುಕೊಂಡಿರಲಿಲ್ಲವಾದ್ದರಿಂದ ಮರೆತೇಬಿಟ್ಟಿದ್ದೆವು. ಇನ್ನೂರಕ್ಕೋಸ್ಕರ ಆ ತೊಂದರೆ ತೆಗೆದುಕೊಂಡರು, ಹತ್ತರಲ್ಲಿ ಆರು ಜನ.

ಬೈದು ಹಿಂದಿರುಗಿಸಿದ್ದರೆ ನಾವೂ ಬೈಯಬಹುದಿತ್ತು. "ಈ ವರ್ಷ ನಾನು ಆಡಿದ್ದರಲ್ಲಿ ಇದೇ ಚೆಂದ. ಕೊನೆಯ ದ್ವೀಪದಲ್ಲಿ ಅತ್ತುಬಿಟ್ಟೆ. ಒಂದೇ ಸಲಕ್ಕೆ ಮುಗಿಯಿತು, ಹಾಗಾಗಿ ವಾಪಸ್ ಮಾಡುತ್ತಿದ್ದೇನೆ," ಎಂದು ಒಬ್ಬಾತ ಬರೆದಿದ್ದ. ಇಂಥವನಿಗೆ ಏನು ಹೇಳುವುದು? ಕಣ್ಣೀರು ಮಾತ್ರ ಅವನು ವಾಪಸ್ ಕೇಳಲಿಲ್ಲ ಎಂದು ನಾನು ಗೊಣಗಿದೆ, ತೂವಾ ನಗಲಿಲ್ಲ. ಬೆಲೆ ಇಳಿಸಿದರೆ ಅವಳು ಹೋಗುವುದು ಖಂಡಿತ, ಇಳಿಸದಿದ್ದರೂ ಹೋಗುವುದು ಖಂಡಿತ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ ಇಪ್ಪತ್ತರಂದು ಕಾಫಿ ಕುಡಿಯುತ್ತ ಅವಳೇ ಅಂದಳು: "ಅಜ್ಜಿ ನಿಧಾನ ನಡೀಲಿ."

"ಏನಂದೆ?"

"ವಯಸ್ಸಾಗಿದೆ ತಾನೆ. ನಿಧಾನ ನಡೀಲಿ. ಆಟ ಎರಡು ಗಂಟೆ ದಾಟ್ಲಿ."

"ಒಂದೊಂದು ಹೆಜ್ಜೆಗೂ ನನ್ನ ಪ್ರಾಣ ತಿಂದವಳು ನೀನೇ ಅಲ್ವೇನೆ? ಹೊಸದೇನಾದ್ರೂ ಬರೆದು ಸೇರಿಸೋಣ."

"ಹತ್ತು ದಿನದಲ್ಲಾ? ಆ ನಂಬರ್ ಬದಲಾಯಿಸು, ಎಸ್ಕಿಲ್. ನಾನು ನೋಡಲ್ಲ."

ಅಜ್ಜಿಯ ವೇಗವೆಂದರೆ ಕೋಡಿನಲ್ಲಿ ಒಂದೇ ಒಂದು ಸಂಖ್ಯೆ. ಬದಲಾಯಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಹೊತ್ತು ತೂವಾ ಕಿಟಕಿಯ ಹತ್ತಿರ ನಿಂತು ಬೀದಿ ನೋಡುತ್ತಿದ್ದಳು. ಯಾರದೋ ಕಾಲನ್ನು ನಾನೇ ಮುರಿದ ಹಾಗನ್ನಿಸಿತು.

ಹಿಂದಿರುಗಿಸುವುದು ನಿಂತಿತು. ತಾನು ಬರುವುದಿಲ್ಲವೆಂದು ತೂವಾ ಜೂಜಿನ ಕಂಪನಿಗೆ ಬರೆದಳು. ನಾನು ಗೆದ್ದಂತೆಯೇ ಲೆಕ್ಕ. ಆದರೆ ಮೊದಲು ನೂರಕ್ಕೆ ತೊಂಬತ್ತು ಜನ ಕೊನೆಯ ದ್ವೀಪ ಮುಟ್ಟುತ್ತಿದ್ದರು, ಈಗ ಇಪ್ಪತ್ತು. ಅರ್ಧ ದಾರಿಯಲ್ಲೇ ಎರಡು ಗಂಟೆ ದಾಟಿರುತ್ತದೆ, ಹಣ ವಾಪಸ್ ಸಿಗುವುದಿಲ್ಲ, ಅಜ್ಜಿಯನ್ನು ಮಂಜುಗಡ್ಡೆಯ ಮೇಲೆ ನಿಲ್ಲಿಸಿ ಎದ್ದು ಹೋಗುತ್ತಾರೆ. ಬೇಸರವಾಯಿತೆಂದು ಬರೆಯುತ್ತಾರೆ. ಅವರು ಬರೆಯುವುದು ಸುಳ್ಳಲ್ಲ.

ಮೊನ್ನೆ ಶುಕ್ರವಾರ ತೂವಾಳ ತಾಯಿ ಫೋನ್ ಮಾಡಿದ್ದರು. ಹೊಸ ಕಂಪ್ಯೂಟರ್ ಬಂದಿದೆ, ಮಗಳ ಆಟ ಆಡಬೇಕಂತೆ. ನಾನು ಆಟವನ್ನು ಕಳಿಸಲು ಕೂತೆ. ತೂವಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಇದಲ್ಲ. ಅಮ್ಮಂಗೆ ಹಳೇದನ್ನ ಕಳಿಸು."

"ಯಾಕೆ?"

"ಅವಳೇನು ದುಡ್ಡು ಕೊಡ್ತಿಲ್ವಲ್ಲ," ಎಂದಳು.