ಬಿಡುಗಡೆಗೆ ಮೊದಲೇ ಮನೆ ಸೇರಿದ ಪುಸ್ತಕ

ಮಂಗಳೂರಿನ ಬೈಕಂಪಾಡಿಯ ಗೋದಾಮುಗಳಲ್ಲಿ ಲಾರಿಗೆ ಸರಕು ತುಂಬುವುದಕ್ಕೆ ಒಂದು ಕ್ರಮವುಂಟು. ಕೊನೆಯ ಊರಿನಲ್ಲಿ ಇಳಿಸಬೇಕಾದದ್ದು ಮೊದಲು ಒಳಗೆ ಹೋಗಬೇಕು. ಮೊದಲ ಊರಿನದ್ದು ಬಾಗಿಲ ಬಳಿ ನಿಲ್ಲಬೇಕು. ಈ ಕ್ರಮ ತಪ್ಪಿದರೆ ನಡುದಾರಿಯಲ್ಲಿ ಲಾರಿ ನಿಲ್ಲಿಸಿ, ಅರ್ಧ ಸರಕನ್ನು ರಸ್ತೆಗೆ ಇಳಿಸಿ, ಮತ್ತೆ ಏರಿಸಬೇಕಾದೀತು. ಅಶ್ಮಿತಾ ಅಂಥದೊಂದು ಗೋದಾಮಿನಲ್ಲಿ ಸರಕು ಕಳುಹಿಸುವ ವಿಭಾಗವನ್ನು ನೋಡಿಕೊಳ್ಳುವವಳು. ತನ್ನ ಮೊದಲ ಪುಸ್ತಕದ ಬಿಡುಗಡೆಯನ್ನು ಅವಳು ಯೋಜಿಸಿದ್ದೂ ಇದೇ ಕ್ರಮದಲ್ಲಿ, ಹಿಂದಿನಿಂದ ಮುಂದಕ್ಕೆ.

ಮೊದಲು ಗೊತ್ತು ಮಾಡಿದ್ದು ಬಿಡುಗಡೆಯ ಭಾನುವಾರವನ್ನು. ಮದುವೆಗಳ ಗಲಾಟೆ ಇಲ್ಲದ ವಾರ ನೋಡಿ ಸಭಾಂಗಣ ಹಿಡಿದಳು. ಅಲ್ಲಿಂದ ಹಿಂದಕ್ಕೆ ಬಂದು ಪತ್ರಿಕೆಗಳಿಗೆ ಸುದ್ದಿ, ಅದಕ್ಕೂ ಹಿಂದೆ ಆಮಂತ್ರಣದ ಕಾರ್ಡು, ಅದಕ್ಕೂ ಹಿಂದೆ ಮುಖಪುಟ, ಕರಡು ತಿದ್ದುವುದು, ಹೀಗೆ ಕೊಟ್ಟಾರದ ಅವಳ ಮನೆಯ ಗೋಡೆಯ ಕ್ಯಾಲೆಂಡರ್ ತುಂಬಿತು. ಆದರೆ ಈ ಲಾರಿಯಲ್ಲಿ ಬಾಗಿಲಿಗೆ ಎಲ್ಲಕ್ಕಿಂತ ಸಮೀಪ ನಿಂತವರು ಅತಿಥಿಗಳಲ್ಲ, ಕತೆ ಹೇಳಿದ ಹೆಂಗಸರು. ಮೊದಲು ಹೊಲಿದು ರಟ್ಟು ಹಾಕಿ ಬರುವ ಪ್ರತಿಗಳು ಅವರ ಮನೆಗಳಿಗೆ ಹೋಗಬೇಕು. ಉಳಿದವು ಕಡೆಯ ವಾರದವರೆಗೆ ಮುದ್ರಣಾಲಯದಲ್ಲಿ ಬಿಡಿ ಹಾಳೆಗಳಾಗಿಯೇ ಇರಲಿ ಎಂದು ಅವಳು ಮುದ್ರಕಿ ಡ್ಯಾಫ್ನಿಗೆ ಹೇಳಿದ್ದಳು.

"ಬಿಡುಗಡೆಗೆ ಮೊದಲೇ ಹಂಚುವುದಾ? ಮತ್ತೆ ಸ್ಟೇಜಿನಲ್ಲಿ ಎಂತ ಬಿಚ್ಚುವುದು?" ಎಂದು ಡ್ಯಾಫ್ನಿ ನಕ್ಕಿದ್ದಳು. ಮಂಗಳೂರಿನಲ್ಲಿ ಬಿಡುಗಡೆಯೆಂದರೆ ಬಣ್ಣದ ಕಾಗದ ಸುತ್ತಿದ ಪುಸ್ತಕದ ಕಟ್ಟು ಮೇಜಿನ ಮೇಲಿರಬೇಕು. ಹಿರಿಯರೊಬ್ಬರು ಅದನ್ನು ಬಿಚ್ಚಿ, ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಫೋಟೋ ತೆಗೆಯುವವರೆಗೆ ಅಲುಗಾಡದೆ ನಿಲ್ಲಬೇಕು. ಅಲ್ಲಿಯವರೆಗೆ ಪುಸ್ತಕ ಹುಟ್ಟಿದಂತೆಯೇ ಅಲ್ಲ.

"ಹೇಳಿದವರಿಗಿಂತ ಮೊದಲು ಕೇಳಿದವರ ಕೈಗೆ ಹೋಗುವುದು ಬೇಡ," ಎಂದಿದ್ದಳು ಅಶ್ಮಿತಾ.

ಅದು ಅವಳ ತಾಯಿಯ ಕುಟುಂಬದ ಹೆಂಗಸರು ಅಡುಗೆಮನೆಯಲ್ಲಿ, ಭತ್ತದ ಗದ್ದೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಹೇಳಿಕೊಂಡು ಬಂದ ಕತೆಗಳ ಪುಸ್ತಕ. ಪ್ರತಿ ಕತೆಯ ಕೆಳಗೆ ಹೇಳಿದವಳ ಹೆಸರು, ಊರು. ಅಶ್ಮಿತಾ ತನಗೆ ತಾನೇ ಹಾಕಿಕೊಂಡ ನಿಯಮ ಒಂದೇ: ಹೇಳಿದವಳು ಬೇಡವೆಂದರೆ ಕತೆ ಹೊರಗೆ, ಬೇರೆ ಯಾರು ಬೇಡವೆಂದರೂ ಒಳಗೆ.

ಆ ನಿಯಮಕ್ಕೆ ಪರೀಕ್ಷೆ ಬಂದದ್ದು ಬಿಡುಗಡೆಯ ವಾರದಲ್ಲಿಯೇ, ಸೋಮವಾರ ಸಂಜೆ, ಮೋಹನದಾಸ್ ಮಾವನ ರೂಪದಲ್ಲಿ. ಮಾವ ಅವಳ ತಾಯಿಯ ಅಣ್ಣ. ತಾಯಿಯ ಕಡೆಯಿಂದ ನಡೆಯುವ ಆ ಕುಟುಂಬದ ಯಜಮಾನ. ಮೂಲಮನೆಯನ್ನು ಹೊಸದಾಗಿ ಕಟ್ಟಿಸಿ ಅಂಗಳದಲ್ಲಿ ಅಮೃತಶಿಲೆಯ ಫಲಕ ನಿಲ್ಲಿಸಿದವರು. ಕಾರ್ಡಿನಲ್ಲಿ ಸಭೆಯ ಅಧ್ಯಕ್ಷರೆಂದು ಅವರ ಹೆಸರೇ ಇತ್ತು.

"ಎಂತ ಮಾರಾಯ್ತಿ ಇದು? ಕಾರ್ಡಿನ ಮೇಲೆ ನನ್ನನ್ನು ಕೂರಿಸಿದ್ದಿ, ಪುಸ್ತಕದ ಒಳಗೆ ನನ್ನ ಮಾನ ಬಿಸಿಲಿಗೆ ಹಾಕಿದ್ದಿ! ಕಿನ್ನಿಯ ಕೈಯಲ್ಲಿ ಸ್ಯಾಂಪಲ್ ನೋಡಿದೆ."

"ಕೂತುಕೊಳ್ಳಿ ಮಾವ. ಅದು ಸ್ಯಾಂಪಲ್ ಅಲ್ಲ, ಪುಸ್ತಕ."

"ಎಂತ ಬೇಕಾದರೂ ಆಗಲಿ. ಆ ಮಣ್ಣು ಬಡಿಸಿದ ಕತೆ ತೆಗೆ."

ಆ ಕತೆಯನ್ನು ಹೇಳಿದವಳು ಕಿನ್ನಿ ದೊಡ್ಡಮ್ಮ, ಮಾವನ ತಂಗಿ, ಬಜಪೆಯಲ್ಲಿ ಅವರದೇ ಮನೆಯಲ್ಲಿ ಇರುವವಳು. ಕತೆ ಚಿಕ್ಕದು. ಹಿಂದೆ ಕುಟುಂಬದ ಯಜಮಾನನೊಬ್ಬ ಕೋಳಿ ಅಂಕದ ಜೂಜಿಗೆ ಹೋದ. ಕೋಳಿಯ ಮೇಲೆ ಮನೆಮಂದಿಯೆಲ್ಲ ಉಣ್ಣುತ್ತಿದ್ದ ಬೈಲು ಗದ್ದೆಯನ್ನು ಪಣವಿಟ್ಟು ಸೋತ. ಕತ್ತಲಾಗುವ ಮೊದಲು ಮನೆಗೆ ಬಂದು, ಏನೂ ಆಗದವನಂತೆ ಮಣೆ ಎಳೆದುಕೊಂಡು ಕೂತು ಗಂಜಿ ಕೇಳಿದ. ಅವನ ತಂಗಿ ಬಟ್ಟಲಿನ ತುಂಬ ಆ ಗದ್ದೆಯ ಮಣ್ಣು ತಂದು ಎದುರಿಗೆ ಇಟ್ಟಳು. "ಇದು ಇನ್ನು ಬೇರೆಯವರ ಮಣ್ಣು. ಕೇಳಿ ತಂದಿದ್ದೇನೆ. ಉಂಡು ಏಳು," ಎಂದಳು. ಅವನು ಎದ್ದು ಹೋದ. ಆ ಮನೆಯಲ್ಲಿ ಮತ್ತೆ ಅವನಿಗೆ ಯಾರೂ ಬಡಿಸಲಿಲ್ಲ.

ಕುಟುಂಬದ ಗಂಡಸರು ಹೇಳುವುದು ಬೇರೆ. ಯಜಮಾನ ಆ ಗದ್ದೆಯನ್ನು ದೇವಸ್ಥಾನಕ್ಕೆ ದಾನವಾಗಿ ಬಿಟ್ಟನಂತೆ. ಮೋಹನದಾಸ್ ಮಾವ ಫಲಕದಲ್ಲಿ ಕೆತ್ತಿಸಿದ್ದು ಇದನ್ನೇ.

"ಕಲ್ಲಿನಲ್ಲಿ ದಾನ ಅಂತ ಉಂಟು, ಪುಸ್ತಕದಲ್ಲಿ ಜೂಜು ಅಂತ ಉಂಟು. ಊರಿನವರು ಯಾವುದನ್ನು ಓದಬೇಕು?"

"ಎರಡನ್ನೂ ಓದಲಿ, ಮಾವ."

"ದೊಡ್ಡ ಮಾತು ಬೇಡ. ಅದು ಹೋಗದಿದ್ದರೆ ನಾನು ಬರುವುದಿಲ್ಲ. ನಾನು ಬಾರದ ಕಡೆಗೆ ಕುಟುಂಬದ ಒಂದು ಪಿಳ್ಳೆಯೂ ಬರುವುದಿಲ್ಲ. ಖಾಲಿ ಕುರ್ಚಿಗಳಿಗೆ ಭಾಷಣ ಮಾಡು."

ಮಾವ ಬಹಳ ಸಮಾರಂಭಗಳನ್ನು ನಡೆಸಿದವರು. ಕಾರ್ಡು ಹಂಚಿದ ಮೇಲೆ, ಕಡೆಯ ವಾರದಲ್ಲಿ ಬೆದರಿಸಿದರೆ ಯಾವ ಸಂಘಟಕನೂ ಬಗ್ಗುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಅಶ್ಮಿತಾ ಬಗ್ಗಲಿಲ್ಲ, ತನ್ನ ನಿಯಮವನ್ನು ಹೇಳಿದಳು. ಹೇಳಿ ಮುಗಿಸುವಾಗಲೇ ಮಾವನ ಮುಖದಲ್ಲಿ ಕಾಣಿಸಿದ ನಗುವನ್ನು ನೋಡಿ, ಹೇಳಬಾರದಿತ್ತು ಎನಿಸಿತು.

"ಅಷ್ಟೆಯಾ? ಕಿನ್ನಿ ಬೇಡ ಅಂದರೆ ಆಯಿತಲ್ಲ? ಬುಧವಾರ ಅವಳನ್ನೇ ಕರೆದುಕೊಂಡು ಬರ್ತೇನೆ. ಅವಳ ಬಾಯಿಂದಲೇ ಕೇಳು."

ಅವರು ಹೋದ ಮೇಲೆ ಅಶ್ಮಿತಾ ಡ್ಯಾಫ್ನಿಗೆ ಫೋನು ಮಾಡಿ ಉಳಿದ ಪ್ರತಿಗಳ ಹೊಲಿಗೆಯನ್ನು ಬುಧವಾರದವರೆಗೆ ನಿಲ್ಲಿಸಲು ಹೇಳಿದಳು.

"ನಿಲ್ಲಿಸಿದರೆ ಭಾನುವಾರಕ್ಕೆ ಎಂತ ಕೊಡ್ತೀರಿ, ಬರೀ ರಟ್ಟಾ?"

"ಗುರುವಾರ, ಶುಕ್ರವಾರ ನಾನು ಖಾಲಿ ಬಿಟ್ಟದ್ದು ಇಂಥದ್ದಕ್ಕೇ. ಕ್ಯಾಲೆಂಡರಿನಲ್ಲಿ ಎಂತದೂ ಬರೆದಿಲ್ಲ."

"ನೀವೊಬ್ಬರು, ಜಗಳಕ್ಕೂ ದಿನ ಬುಕ್ ಮಾಡಿ ಇಡುವವರು!"

ನಗು ಬಂತು, ಆದರೆ ಉಳಿಯಲಿಲ್ಲ. ಮಂಗಳವಾರವಿಡೀ ಗೋದಾಮಿನಲ್ಲಿ ಅವಳ ಕೈ ಮತ್ತೆ ಮತ್ತೆ ಫೋನಿನ ಕಡೆಗೆ ಹೋಯಿತು. ದೊಡ್ಡಮ್ಮನಿಗೆ ಒಂದು ಮಾತು ಹೇಳಿದರೆ? ಹೆದರಬೇಡ, ನನ್ನ ಮನೆಯುಂಟು, ಎಂದರೆ? ಆದರೆ ಮಾವ ಆ ಕಡೆಯಿಂದ ಕಿವಿಗೆ ಹಾಕುವುದನ್ನು ತಾನು ಈ ಕಡೆಯಿಂದ ಹಾಕಿದರೆ, ಬುಧವಾರ ಬರುವ ಉತ್ತರ ಯಾರದ್ದಾದೀತು? ಅಣ್ಣನ ಸೂರಿನ ಕೆಳಗೆ ಇರುವವಳು ಅವಳು. ಬೇಡವೆಂದರೆ ಅದಕ್ಕೂ ಕಾರಣವುಂಟು. ಆಗ ಆ ಹಾಳೆಗಳನ್ನು ತಾನೇ ಎತ್ತಿ ಹೊರಗಿಡಬೇಕು. ಫೋನು ಮಾಡಲಿಲ್ಲ.

ಬುಧವಾರ ಮಾವ ಮೊದಲು ಬಂದು ಕೂತರು. ಹಿಂದೆಯೇ ದೊಡ್ಡಮ್ಮ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ತನ್ನ ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಚಾ ಕೇಳಿದಳು. ಕುಡಿದಳು. ಲೋಟವನ್ನು ಕೆಳಗಿಟ್ಟಳು.

"ಹೇಳು ಕಿನ್ನಿ," ಎಂದರು ಮಾವ. "ಕಾರಿನಲ್ಲಿ ಹೇಳಿದ್ದನ್ನು ಹೇಳು."

"ಕಾರಿನಲ್ಲಿ ಹೇಳಿದ್ದು ನೀನು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ." ದೊಡ್ಡಮ್ಮ ಅಶ್ಮಿತಾಳ ಕಡೆಗೆ ತಿರುಗಿದಳು. "ಮಗಾ, ಇದರಲ್ಲಿ ಒಂದು ತಪ್ಪುಂಟು."

"ನೋಡಿದ್ದಿಯಾ! ಅವಳೇ ಹೇಳ್ತಾಳೆ ತಪ್ಪು ಅಂತ," ಎಂದು ಮಾವ ಮುಂದಕ್ಕೆ ಬಾಗಿದರು.

ಅಶ್ಮಿತಾ ದೊಡ್ಡಮ್ಮನ ಹತ್ತಿರ ಬಂದು ಕೂತಳು. "ಯಾವುದು ದೊಡ್ಡಮ್ಮ? ತೆಗೆಯಬೇಕಾ?"

"ತೆಗೆಯುವುದಾ? ಯಾಕೆ ತೆಗೆಯುವುದು? ಪಕ್ಕದ ಮನೆಯ ಹುಡುಗಿ ನನಗೆ ಓದಿ ಹೇಳಿದ್ದಾಳೆ, ಆಮೇಲೆ ನಾನು ಅವಳ ಅಮ್ಮನಿಗೆ ಹೇಳಿದ್ದೇನೆ. ಸುರತ್ಕಲ್ಲಿನ ಅತ್ತಿಗೆಯೂ ಫೋನು ಮಾಡಿದಳು, ನಮ್ಮ ಮಣ್ಣಿನ ಕತೆ ಪುಸ್ತಕಕ್ಕೆ ಬಂತಾ ಅಂತ. ಅವಳ ಮನೆಯಲ್ಲಿ ಸೊಸೆ ಓದಿದಳಂತೆ." ಅವಳು ಚೀಲದಿಂದ ಪುಸ್ತಕ ತೆಗೆದು, ಕಿವಿ ಮಡಚಿಟ್ಟ ಪುಟವನ್ನು ಬಿಡಿಸಿ ಬೆರಳಿಟ್ಟಳು. "ಇಲ್ಲಿ ನೋಡು. ಕೆಳಗೆ ನನ್ನ ಹೆಸರು ಹಾಕಿದ್ದಿ. ಗದ್ದೆ ಕಳೆದವನಿಗೆ ಬರೀ 'ಒಬ್ಬ ಯಜಮಾನ' ಅಂತ ಬರೆದಿದ್ದಿ. ಅವನಿಗೆ ಹೆಸರಿಲ್ಲವಾ? ನಾನು ನಿನಗೆ ಹೆಸರು ಹೇಳಿರಲಿಲ್ಲವಾ?"

ಹೇಳಿದ್ದಳು. ಕುಟುಂಬಕ್ಕೆ ನೋವಾಗಬಾರದೆಂದು, ಅಶ್ಮಿತಾ ಎಲ್ಲವನ್ನೂ ಮುಂಚಿತವಾಗಿ ಯೋಚಿಸಿ, ಆ ಹೆಸರನ್ನು ಕರಡಿನಲ್ಲಿಯೇ ಕೈಬಿಟ್ಟಿದ್ದಳು.

"ಕಿನ್ನಿ!" ಎಂದರು ಮಾವ.

"ಎಂತ ಕಿನ್ನಿ? ನಿನ್ನ ಕಲ್ಲಿನಲ್ಲಿ ಐತಪ್ಪ ಅಂತ ಚಿನ್ನದ ಬಣ್ಣದಲ್ಲಿ ಬರೆಸಿದ್ದಿ. ಒಳ್ಳೆಯ ಕೆಲಸಕ್ಕೆ ಮಾತ್ರ ಅವನಿಗೆ ಹೆಸರಾ? ಅವನಿಗೆ ಮಣ್ಣು ಬಡಿಸಿದವಳು ನಮ್ಮ ಅಜ್ಜಿ. ನಿನ್ನ ಕಲ್ಲಿನಲ್ಲಿ ಅವಳ ಹೆಸರನ್ನು ನಾನು ಹುಡುಕಿಸಿದೆ. ಇಲ್ಲ."

"ಹಾಗಾದರೆ ನಾನು ಭಾನುವಾರ ಬರುವುದಿಲ್ಲ."

"ನೀನು ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಕಾರನ್ನು ಮಾತ್ರ ಕಳುಹಿಸು. ಇಲ್ಲದಿದ್ದರೆ ನಾನು ಬಸ್ಸಿನಲ್ಲಿ ಹೋಗ್ತೇನೆ, ನಿಂತುಕೊಂಡು. ಕೇಳಿದವರಿಗೆಲ್ಲ ಯಾಕೆ ಬಸ್ಸು ಅಂತಲೂ ಹೇಳ್ತೇನೆ."

ಮಾವ ಎದ್ದು ಹೊರಗೆ ಹೋಗಿ ಕಾರಿನ ಬಳಿ ನಿಂತರು. ದೊಡ್ಡಮ್ಮನಿಗೆ ಅವಸರವಿರಲಿಲ್ಲ. ಅಶ್ಮಿತಾ ಡ್ಯಾಫ್ನಿಗೆ ಫೋನು ಮಾಡಿದಳು: ಯಾವ ಹಾಳೆಯನ್ನೂ ತೆಗೆಯುವುದು ಬೇಡ, ಹೊಲಿಗೆ ಶುರುವಾಗಲಿ, ಜೊತೆಗೆ ಒಂದು ತಿದ್ದುಪಡಿಯ ಚೀಟಿ ಅಚ್ಚಾಗಲಿ, ಪ್ರತಿಯೊಂದು ಪುಸ್ತಕಕ್ಕೂ.

"ಚೀಟಿಯಲ್ಲಿ ಎಂತ ಇರಬೇಕು?"

ಅಶ್ಮಿತಾ ಫೋನನ್ನು ದೊಡ್ಡಮ್ಮನ ಬಾಯಿಯ ಹತ್ತಿರ ಹಿಡಿದಳು.

"'ಒಬ್ಬ ಯಜಮಾನ' ಅಂತ ಇರುವ ಕಡೆಯಲ್ಲೆಲ್ಲ ಐತಪ್ಪ ಅಂತ ಓದಬೇಕು," ಎಂದಳು ದೊಡ್ಡಮ್ಮ, ಫೋನಿನ ಆ ತುದಿಯಲ್ಲಿ ಇರುವವಳು ಕಿವುಡಿಯೋ ಎಂಬಷ್ಟು ಗಟ್ಟಿಯಾಗಿ. ಹೊರಗೆ ಕಾರಿನ ಬಳಿ ನಿಂತವರಿಗೂ ಅದು ಕೇಳಿಸಿತು.

ಭಾನುವಾರ ಸಭಾಂಗಣ ಖಾಲಿಯಿರಲಿಲ್ಲ. ಬಂದವರಲ್ಲಿ ಕೆಲವರು ಮಾವನ ಮಾತನ್ನು ಮೀರಿ ಬಂದವರು, ಕೆಲವರು ಆ ಮಾತು ಕಿವಿಗೆ ಬಿದ್ದದ್ದರಿಂದಲೇ ಕುತೂಹಲಕ್ಕೆ ಬಂದವರು. ಕತೆ ಹೇಳಿದ ಹೆಂಗಸರು ಮನೆಯಿಂದಲೇ ತಂದ ತಮ್ಮ ಪ್ರತಿಗಳನ್ನು ಹಿಡಿದು ಬಾಗಿಲ ಬಳಿಯ ಮೇಜಿನ ಮುಂದೆ ಸಾಲು ನಿಂತರು. ಅವುಗಳಿಗೆ ಅರಿಶಿನದ ಕಲೆ ಆಗಲೇ ಹತ್ತಿತ್ತು. "ನಮ್ಮದಕ್ಕೆ ಚೀಟಿ ಇಲ್ಲ, ಕೊಡಿ," ಎಂದು ಒಬ್ಬೊಬ್ಬರಾಗಿ ಕೈಚಾಚಿದರು. ಡ್ಯಾಫ್ನಿ ಎಣಿಸದೆ ಹಂಚಿದಳು.

ಬಜಪೆಯ ಕಾರು ಬಂತು. ದೊಡ್ಡಮ್ಮನ ಹಿಂದೆ ಮೋಹನದಾಸ್ ಮಾವನೂ ಇಳಿದರು. ತಂಗಿಯನ್ನು ಒಂಟಿಯಾಗಿ ಕಳುಹಿಸಿ ಊರಿನ ಬಾಯಿಗೆ ಬೀಳಲು ಅವರಿಗೆ ಮನಸ್ಸಾಗಿರಲಿಲ್ಲ. ಅಶ್ಮಿತಾ ನಮಸ್ಕರಿಸಿ, ಕಾರ್ಡಿನಲ್ಲಿ ಇದ್ದಂತೆಯೇ ಅವರನ್ನು ವೇದಿಕೆಯ ನಡುವಿನ ಕುರ್ಚಿಗೆ ಕರೆದೊಯ್ದಳು. ಅವರು ಕೂತು ಮೇಜನ್ನು ನೋಡಿದರು. ಬಣ್ಣದ ಕಾಗದವಿಲ್ಲ, ಕಟ್ಟಿಲ್ಲ. ಹೂವಿನ ಕುಂಡದ ಪಕ್ಕದಲ್ಲಿ ಮೈಕು ಮಾತ್ರ ಇತ್ತು.

"ಬಿಚ್ಚುವುದಕ್ಕೆ ಎಂತ ಇಟ್ಟಿದ್ದಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಎಂತದೂ ಇಲ್ಲ ಮಾವ. ಪುಸ್ತಕ ಎಲ್ಲರ ಮನೆಯಲ್ಲಿಯೂ ಬಿಚ್ಚಿ ಆಗಿದೆ."

ಅವರು ಏಳಲು ನೋಡಿದರು. ಆದರೆ ಅಧ್ಯಕ್ಷರು ಸಭೆಯ ನಡುವೆ ಎದ್ದು ಹೋಗುವುದನ್ನು ಅವರೇ ಯಾವ ಸಮಾರಂಭದಲ್ಲಿಯೂ ಸಹಿಸಿದವರಲ್ಲ. ಕುರ್ಚಿಯ ತೋಳನ್ನು ಹಿಡಿದು ಕೂತೇ ಇದ್ದರು.

ಅಶ್ಮಿತಾ ಸ್ವಾಗತ ಭಾಷಣವನ್ನು ಮಾಡಲಿಲ್ಲ. ಮೈಕನ್ನು ಕಿನ್ನಿ ದೊಡ್ಡಮ್ಮನ ಎತ್ತರಕ್ಕೆ ಇಳಿಸಿ, ತಾನು ಪಕ್ಕಕ್ಕೆ ಸರಿದಳು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು, ಸಾಲಾಗಿ ಕೂತ ಹೆಂಗಸರನ್ನು ನೋಡಿದಳು, ಆಮೇಲೆ ಕುತ್ತಿಗೆ ತಿರುಗಿಸಿ ಅಣ್ಣನನ್ನೂ ನೋಡಿದಳು.

"ಐತಪ್ಪ ಅಂತ ಒಬ್ಬನಿದ್ದ," ಎಂದು ಶುರುಮಾಡಿದಳು.