ಮೋನಮ್ಮನ ತಾಟು

ಜಹೀರಾಬಾದಿನ ಚರ್ಚಿಗೆ ನಾವು ಗಿರಜಾ ಅನ್ನುತ್ತೇವೆ. ಅದರ ಗೇಟಿನೆದುರೇ ನನ್ನ ಚಾ ಹೋಟೆಲು. ಅಲ್ಲಿ ಸಾಲಾಗಿ ಕೂರುವ ಭಿಕ್ಷುಕರಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಜಡ್ಡಿಗೆ ಬಿದ್ದರೆ ಅವರ ತಾಟು ಅವರ ಜಾಗದಲ್ಲೇ ಇರುತ್ತದೆ. ಆಚೀಚೆ ಕೂತವರು ತಮಗೆ ಬಿದ್ದದ್ದರಲ್ಲಿ ಮೊದಲ ಪಾಲು ಅದಕ್ಕೆ ಹಾಕಬೇಕು. ಎಲ್ಲ ಜಗಳಗಂಟರೇ, ಬೀಡಿ ತುಂಡಿಗೂ ಜುಟ್ಟು ಹಿಡಿಯುವವರು. ಆದರೆ ಆ ತಾಟಿಗೆ ಕೈ ಹಾಕಿದವರನ್ನು ನಾನು ಕಂಡಿಲ್ಲ.

ನಮ್ಮೂರನ್ನು ಬೀದರದಿಂದ ಕಿತ್ತು ಆಂಧ್ರಕ್ಕೆ ಸೇರಿಸಿ ಹದಿನೈದು ವರ್ಷವಾಗಿರಬೇಕು. ಆ ಕ್ರಿಸ್‌ಮಸ್ ಹೊತ್ತಿಗೆ ಅವರಲ್ಲೊಬ್ಬಳಾದ ಮೋನಮ್ಮ ಜ್ವರ ಬಂದು ನನ್ನ ಕಟ್ಟಿಗೆ ರಾಶಿಯ ಹಿಂದೆ ಮಲಗಿದ್ದಳು. ಮೈಮೇಲೆ ಗೋಣಿಚೀಲ. ಹೊದಿಕೆ ಸಿಗದಿದ್ದರೆ ಮುದುಕಿ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗಿರಜಾದಲ್ಲಿ ರಗ್ಗು ಹಂಚುತ್ತಾರೆಂದು ಕಾದಿದ್ದರು.

ಹಂಚಲು ಬಂದವನು ಗಿರಜಾ ಕಮಿಟಿಯ ಹಿರಿಯ ಸಂಜೀವಯ್ಯ. ಇಸ್ತ್ರಿ ಅಂಗಿ, ಮೈತುಂಬ ಅತ್ತರು, ಪಕ್ಕದಲ್ಲಿ ಫೋಟೊದವನು. ದಾನ ಕೊಟ್ಟವರಿಗೆ ಫೋಟೊ ಕಳಿಸಬೇಕಲ್ಲ! ಫೋಟೊ ಕೊನೆಗೆಂದು ಹೇಳಿ ಎಲ್ಲರಿಗೂ ರಗ್ಗು ಕೊಟ್ಟು, ಖಾಲಿ ಜಾಗದ ತಾಟಿನ ಮುಂದೆ ನಿಂತ.

“ಇದು ಯಾರದು?”

“ಮೋನಮ್ಮಂದ್ರಿ. ಬೇಮಾರ ಬಿದ್ದಾಳ, ಅಲ್ಲೇ ಮಲಗ್ಯಾಳ. ಆಕಿದು ನನ್ನ ಕೈಯಾಗ ಕೊಡ್ರಿ,” ಅಂದ ಕುಂಟ ಸಾಯಪ್ಪ.

“ತಾಟಿಗಿ ಥಂಡಿ ಹತ್ತತದೇನಲೇ?” ಎಂದು ಸಂಜೀವಯ್ಯ ನಗುತ್ತ ಬೂಟಿನಿಂದ ಒದ್ದ. ತಾಟು ಮೋರಿಗೆ ಬಿತ್ತು.

ಸಾಯಪ್ಪ ತನ್ನ ಹೊಸ ರಗ್ಗನ್ನು ಮಡಿಸಿ, ರಗ್ಗು ಹಂಚಲು ಗೇಟಿನಲ್ಲಿ ಹಾಕಿದ್ದ ಮೇಜಿನ ಮೇಲಿಟ್ಟ. ಕುರುಡಿ ಚಂದ್ರಾಬಾಯಿ ತನ್ನದನ್ನು ಒಮ್ಮೆ ಕೆನ್ನೆಗೊತ್ತಿಕೊಂಡು, ತಡಕಾಡುತ್ತ ಬಂದು ಇಟ್ಟಳು. ಆಮೇಲೆ ಉಳಿದವರೂ.

“ನಮಗೂ ಥಂಡಿ ಇಲ್ರಿ,” ಅಂದ ಸಾಯಪ್ಪ. ಹಲ್ಲು ಕಟಕಟ ಅನ್ನುತ್ತಿದ್ದವು.

ಹೊದೆಯುವವರಿಲ್ಲದೆ ಫೋಟೊ ಹೇಗೆ? ಸಂಜೀವಯ್ಯನ ಮುಖ ಕಪ್ಪಿಟ್ಟಿತು. ಮೂಗಿಗೆ ಕರವಸ್ತ್ರ ಹಿಡಿದು ಕಟ್ಟಿಗೆ ರಾಶಿಯ ಹಿಂದೆ ನಡೆದ. ಫೋಟೊ ಹೊಡೆಯುವಷ್ಟು ಹೊತ್ತು ಕರವಸ್ತ್ರ ಇಳಿಸಿ, ಮುಗುಳ್ನಗುತ್ತ ಮೋನಮ್ಮನಿಗೆ ರಗ್ಗು ಹೊದಿಸಿದ. ಥೂ, ಆ ನಗು! ಅದಾದ ಮೇಲೆಯೇ ಉಳಿದವರು ತಮ್ಮ ತಮ್ಮ ರಗ್ಗು ಎತ್ತಿಕೊಂಡರು.

ಸಂಜೀವಯ್ಯ ನನ್ನ ಹಂಡೆಯ ನೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಬೆಂಚಿನ ಮೇಲೆ ಕೂತು ಚಾ ಕೇಳಿದ. ಸಾಯಪ್ಪ ಮೋರಿಯಿಂದ ತೆಗೆದ ತಾಟನ್ನು ಒಲೆಯ ಬೂದಿ ಹಚ್ಚಿ ತಿಕ್ಕಿ ತೊಳೆದಿಟ್ಟಿದ್ದ. ನನ್ನ ತಲೆ ಕೆಟ್ಟಿತು. ಅದನ್ನೇ ಎಳೆದುಕೊಂಡು, ಚಾ ಸುರಿದು, ಅವನ ಮುಂದೆ ಹಿಡಿದೆ.

“ಕುಡೀರಿ. ತಾಟೂ ಬೆಚ್ಚಗಾಗಲಿ.”

ಸಾಯಪ್ಪ ಕುಂಟುತ್ತ ಓಡಿ ಬಂದು, ತಾಟು ಕಸಿದು ಚಾ ಚೆಲ್ಲಿಬಿಟ್ಟ.

“ಬ್ಯಾಡ್ರಿ ಮಾಲಕ್ರ, ಮೋನಮ್ಮ ಉಣ್ಣೋ ತಾಟ ಅದ. ಇವರು ಬಾಯಿ ಹಚ್ಚಿದ್ರ ಹೊಲಸಾಗ್ತದ.”